ದಾರಂದದ ಅಂಚಿಗೆ ಬಣ್ಣ: ಟೇಪಾ, ಬ್ರಶ್ಶಾ, ಬ್ಲೇಡಾ?

ನಮ್ಮ ಮನೆ ತೀರ್ಥಹಳ್ಳಿ ಕಡೆ. ಜಂಬಿಟ್ಟಿಗೆ ಗೋಡೆ, ಹಲಸಿನ ಮರದ ದಾರಂದ (ಬಾಗಿಲಿನ ಚೌಕಟ್ಟು), ಕೆಳಗೆ ರೆಡ್ ಆಕ್ಸೈಡ್ ನೆಲ. ಹೋದ ಯುಗಾದಿಗೆ ಮುಂಚೆ ಬಣ್ಣ ಹೊಡೆಸಿದೆವು. ಗೋಡೆ ಚೆನ್ನಾಗಿಯೇ ಬಂತು. ಆದರೆ ಸಂಜೆ ನಾಲ್ಕೂವರೆಗೆ ಜಗಲಿಯ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತದಲ್ಲ, ಆಗ ದಾರಂದದ ಉದ್ದಕ್ಕೂ ಇಲಿ ಕಡಿದ ಹಾಗೆ ಅಂಚು ಕಾಣಿಸಿತು. ಒಂದು ಕಡೆ ಗೋಡೆಯ ಕೆನೆಬಣ್ಣ ಮರಕ್ಕೆ ಹತ್ತಿದೆ. ಇನ್ನೊಂದು ಕಡೆ ಮರದ ಪಾಲಿಶ್ ಗೋಡೆಗೆ ಇಳಿದಿದೆ. ಮಧ್ಯೆ ಎರಡೂ ಮುಟ್ಟದ ಹಳೆ ಸುಣ್ಣದ ಗೆರೆ. ಅರ್ಧ ದಿನದ ಕೆಲಸಕ್ಕೆ ಪೇಂಟರ್ ವಾಪಸ್ ಬರುತ್ತಾರಾ? ಫೋನಿನಲ್ಲಿ "ಬರ್ತೀನಿ ಮಾರಾಯ್ರೆ" ಅಂದವರು ಇವತ್ತಿಗೂ ಬಂದಿಲ್ಲ. ಹಾಗಾಗಿ ನಾನೇ ಕೂತೆ.

ಇದಕ್ಕೆ ಐದು ದಾರಿ ಇದೆ. ಟೇಪ್ ಅಂಟಿಸಿ ಬಳಿಯುವುದು, ಕೈಯಲ್ಲೇ ಬ್ರಶ್ ಎಳೆಯುವುದು, ತಗಡನ್ನೋ ಫಿಲ್ಮನ್ನೋ ಅಡ್ಡ ಹಿಡಿಯುವುದು, ಸುಮ್ನೆ ಬಳಿದು ಆಮೇಲೆ ಕೆರೆಯುವುದು, ಮೊದಲು ಸಂದಿ ತುಂಬಿಸಿ ಆಮೇಲೆ ಗೆರೆ ಎಳೆಯುವುದು. ಐದನ್ನೂ ನಮ್ಮ ಮನೆಯಲ್ಲೂ ಶಿವಮೊಗ್ಗದಲ್ಲಿರುವ ತಂಗಿಯ ಮನೆಯಲ್ಲೂ ಮಾಡಿ ನೋಡಿದ್ದೇನೆ. ತಂಗಿಯ ಮನೆ ಹೊಸದು, ಪುಟ್ಟಿ ಹಾಕಿದ ನುಣುಪು ಗೋಡೆ, ಗೋಡೆಯ ಬುಡಕ್ಕೆ ಟೈಲ್ಸ್ ಪಟ್ಟಿ, ಅಂದರೆ ಸ್ಕರ್ಟಿಂಗ್. ಅಲ್ಲಿ ಗೆದ್ದ ದಾರಿ ಇಲ್ಲಿ ಸೋತಿತು, ಇಲ್ಲಿ ಗೆದ್ದದ್ದು ಅಲ್ಲಿ ದಂಡ ಅನ್ನಿಸಿತು.

ಮೊದಲು ನೋಡಬೇಕಾದ್ದು: ಯಾವ ಕಡೆ ಒರೆಸಬಹುದು?

ಟೇಪ್ ಕೊಳ್ಳುವ ಮೊದಲು ಅಂಚಿನ ಎರಡು ಕಡೆ ಏನಿದೆ ನೋಡಿ. ಕೈ ತಪ್ಪೇ ತಪ್ಪುತ್ತದೆ. ತಪ್ಪಿದಾಗ ಯಾವ ಕಡೆಯಿಂದ ಬಣ್ಣ ಒರೆಸಲು ಬರುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಎಮಲ್ಶನ್ ಅಂದರೆ ನೀರಿನ ಬಣ್ಣ. ಅದು ಪಾಲಿಶ್ ಮಾಡಿದ ಮರದ ಮೇಲೆ ಅಥವಾ ಚೆನ್ನಾಗಿ ಒಣಗಿದ ಎನಾಮಲ್ ಮೇಲೆ ಬಿದ್ದರೆ ಐದು ನಿಮಿಷದೊಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಉಲ್ಟಾ ಆದರೆ ಕಷ್ಟ. ಎನಾಮಲ್ ಎಣ್ಣೆ ಬಣ್ಣ. ಅದು ಗೋಡೆಯ ಎಮಲ್ಶನ್ ಮೇಲೆ ಹತ್ತಿದರೆ ಟರ್ಪೆಂಟೈನ್ ಬೇಕು. ಟರ್ಪೆಂಟೈನ್ ಹಾಕಿ ಉಜ್ಜಿದರೆ ಗೋಡೆಯ ಮೇಲೆ ಎಣ್ಣೆ ಜಿಡ್ಡಿನ ಕಲೆ ನಿಲ್ಲುತ್ತದೆ. ಆ ಕಲೆ ಮುಚ್ಚಲು ಮತ್ತೆ ಗೋಡೆಗೆ ಬಣ್ಣ. ಅದಕ್ಕೇ ರಿಪೇರಿ ಕೆಲಸದಲ್ಲಿ ನಾನು ಮರದ ಬಣ್ಣವನ್ನು ಮೊದಲು ಮುಗಿಸುತ್ತೇನೆ. ಎರಡು ದಿನ ಒಣಗಲು ಬಿಟ್ಟು, ಕೊನೆಯ ಗೆರೆಯನ್ನು ಗೋಡೆಯ ಎಮಲ್ಶನ್ನಿನಲ್ಲಿ ಎಳೆಯುತ್ತೇನೆ. ಎಷ್ಟೋ ಪೇಂಟರ್‌ಗಳು ಇದನ್ನು ಒಪ್ಪುವುದಿಲ್ಲ. ಗೋಡೆಗೆ ರೋಲರ್ ಹೊಡೆಯುವಾಗ ಮರಕ್ಕೆ ಸಿಡಿಯುತ್ತದೆ, ಆದ್ದರಿಂದ ಮರ ಕೊನೆಗೆ ಅನ್ನುತ್ತಾರೆ. ಇಡೀ ಮನೆಗೆ ಹೊಡೆಯುವಾಗ ಅವರ ಮಾತು ಸರಿ. ಬರೀ ಅಂಚು ತಿದ್ದುವಾಗ ರೋಲರೇ ಇಲ್ಲ, ಸಿಡಿಯುವ ಪ್ರಶ್ನೆಯೇ ಬರುವುದಿಲ್ಲ.

ಸುಣ್ಣದ ಗೋಡೆಗೆ ಈ ಲೆಕ್ಕ ನಡೆಯುವುದಿಲ್ಲ. ಅಂಗೈಯಿಂದ ಗೋಡೆಯನ್ನು ಜೋರಾಗಿ ಸವರಿ ನೋಡಿ. ಕೈಗೆ ಬಿಳಿ ಹತ್ತಿತಾ? ಹಾಗಾದರೆ ಅಲ್ಲಿ ಟೇಪ್ ಮರೆತುಬಿಡಿ.

ಟೇಪ್

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಎರಡು ವರ್ಷದ ಹಿಂದೆ, ಜುಲೈ ತಿಂಗಳು. ಕಿಟಕಿಗೆ ಎನಾಮಲ್ ಹೊಡೆಯಲು ಸುತ್ತ ಹಳೆ ಡಿಸ್ಟೆಂಪರ್ ಗೋಡೆಗೆ ಮಾಸ್ಕಿಂಗ್ ಟೇಪ್ ಅಂಟಿಸಿದ್ದೆ. ಮಳೆ ಹಿಡಿಯಿತು. ಬಣ್ಣ ಒಣಗುವ ಲಕ್ಷಣವೇ ಇಲ್ಲ, ಬೆರಳಿಟ್ಟರೆ ಅಂಟು. ನಾಳೆ ತೆಗೆದರಾಯಿತು ಅಂತ ನಾಲ್ಕು ದಿನ ಬಿಟ್ಟೆ. ಐದನೇ ದಿನ ಎಳೆದರೆ ಟೇಪಿನ ಜೊತೆ ಡಿಸ್ಟೆಂಪರ್, ಅದರ ಕೆಳಗಿನ ಸುಣ್ಣ, ಎಲ್ಲಾ ಅಂಗೈಯಗಲ ಹಪ್ಪಳದ ಹಾಗೆ ಎದ್ದು ಬಂತು. ಅಮ್ಮ ನೋಡಿ, "ಮೊದಲೇ ಚೆನ್ನಾಗಿತ್ತಲ್ಲೋ" ಅಂದರು. ನಿಜವೇ ಹೇಳಿದರು.

ಆದರೂ ಟೇಪನ್ನು ಬೈಯುವುದಿಲ್ಲ. ತಂಗಿಯ ಮನೆಯಲ್ಲಿ ಅದೇ ಗೆದ್ದದ್ದು. ಪುಟ್ಟಿ ಹಾಕಿದ ನುಣುಪು ಗೋಡೆ, ನೇರ ಅಂಚಿನ ಹೊಸ ದಾರಂದ, ಬಿಳಿ ಗೋಡೆಗೆ ಕಾಫಿ ಬಣ್ಣದ ಎನಾಮಲ್ ಇರುವ ಕಡೆ ಟೇಪಿನಷ್ಟು ಚೊಕ್ಕ ಗೆರೆ ಕೈಯಲ್ಲಿ ಬರುವುದಿಲ್ಲ. ಒಂದೇ ಗೋಡೆಯಲ್ಲಿ ಎರಡು ಬಣ್ಣ ಸೇರುವ ಕಡೆಯೂ ಹಾಗೆಯೇ.

ಟೇಪ್ ಹಾಕುವುದಾದರೆ ಸರಿಯಾಗಿ ಹಾಕಿ. ಅಂಚನ್ನು ಚಮಚದ ಬೆನ್ನಿನಿಂದಲೋ ಹಳೆ ಎಟಿಎಂ ಕಾರ್ಡಿನಿಂದಲೋ ಉದ್ದಕ್ಕೂ ಒತ್ತಬೇಕು. ಬೆರಳಿನಲ್ಲಿ ಒತ್ತಿದ್ದು ಸಾಲದು. ಆಮೇಲೆ ಒಂದು ಉಪಾಯ ಇದೆ. ಬಹಳ ಜನ ಇದನ್ನು ಮಾಡುವುದೇ ಇಲ್ಲ. ಟೇಪಿನ ಕೆಳಗೆ ಯಾವ ಬಣ್ಣ ಇದೆಯೋ ಅದೇ ಬಣ್ಣವನ್ನು ಮೊದಲು ಟೇಪಿನ ಅಂಚಿಗೆ ತೆಳ್ಳಗೆ ಬಳಿಯಿರಿ. ಗೋಡೆಗೆ ಟೇಪ್ ಹಾಕಿದ್ದರೆ ಗೋಡೆಯ ಬಣ್ಣ. ಸೋರುವುದಾದರೆ ಅದೇ ಬಣ್ಣ ಸೋರಿ ಸಂದು ಮುಚ್ಚುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದು ಒಣಗಿದ ಮೇಲೆ ಹೊಸ ಬಣ್ಣ. ಕೊನೆಯ ಕೋಟ್ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ, ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಪೂರ್ತಿ ಒಣಗಿ ಹೋಗಿದ್ದರೆ ಮೊದಲು ಕಟರ್ ಬ್ಲೇಡಿನಿಂದ ಅಂಚಿಗೆ ಗೀರು ಹಾಕಿ ಆಮೇಲೆ ಎಳೆಯಿರಿ. ಇಲ್ಲದಿದ್ದರೆ ಬಣ್ಣ ಹರಿದು ಬರುತ್ತದೆ.

ಮಾಮೂಲಿ ಹಳದಿ ಟೇಪನ್ನು ಅದೇ ದಿನ ತೆಗೆಯಬೇಕು. ನೀಲಿ ಟೇಪಿಗೆ ದುಡ್ಡು ಜಾಸ್ತಿ, ಆದರೆ ಅಂಟು ಮೆತ್ತಗಿನದು. ಎಷ್ಟು ದಿನ ಬಿಡಬಹುದು ಅಂತ ಅದರ ಮೇಲೇ ಬರೆದಿರುತ್ತದೆ. ನಮ್ಮ ಮಳೆಗಾಲದಲ್ಲಿ ಆ ದಿನಗಳನ್ನು ನಂಬಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಬಟ್ಟೆಯೇ ವಾರಗಟ್ಟಲೆ ಒಣಗದ ಜಾಗದಲ್ಲಿ ಟೇಪಿನ ಅಂಟು ಡಬ್ಬಿಯ ಮಾತು ಕೇಳುತ್ತದಾ?

ಕೈ ಮತ್ತು ಬ್ರಶ್

ನಮ್ಮಂಥ ಹಳೆ ಮನೆಗೆ ನನ್ನ ವೋಟು ಇದಕ್ಕೇ. ಕಾರಣ ಸರಳ. ಹಳೆ ಗೋಡೆ ನೇರ ಇರುವುದಿಲ್ಲ, ದಾರಂದವೂ ನೇರ ಇರುವುದಿಲ್ಲ. ಟೇಪ್ ನೇರ ಹೋಗುತ್ತದೆ, ಆಗ ಗೋಡೆಯ ಡೊಂಕು ಎದ್ದು ಕಾಣುತ್ತದೆ. ಕೈಯಾದರೆ ಡೊಂಕಿನ ಜೊತೆಯೇ ಹೋಗುತ್ತದೆ, ಕಣ್ಣಿಗೆ ನೇರ ಅನ್ನಿಸುತ್ತದೆ.

ಒಂದೂವರೆ ಇಂಚಿನ ಬ್ರಶ್ ಸಾಕು. ತುದಿ ಓರೆ ಕತ್ತರಿಸಿದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ಬ್ರಶ್ಶಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಅಗ್ಗದ ಬ್ರಶ್ಶಿನ ಕೂದಲು ಒಂದೊಂದೇ ಉದುರಿ ಅಂಚಿನಲ್ಲಿ ಅಂಟಿಕೊಂಡರೆ ಅದನ್ನು ಉಗುರಿನಲ್ಲಿ ಕೀಳುವುದೇ ಒಂದು ಕೆಲಸ. ಹೊಸ ಬ್ರಶ್ಶನ್ನು ಅಂಗೈಗೆ ನಾಲ್ಕು ಸಲ ಉಜ್ಜಿ ಸಡಿಲ ಕೂದಲು ಉದುರಿಸಿಕೊಳ್ಳಿ. ಎಮಲ್ಶನ್ ಆದರೆ ನೀರಿನಲ್ಲಿ ಅದ್ದಿ, ಕೊಡವಿ, ಆಮೇಲೆ ಶುರು ಮಾಡಿ.

ಬಣ್ಣ ಹಾಕಿಕೊಳ್ಳಲು ನಾನು ತೆಂಗಿನ ಕರಟ ಹಿಡಿಯುತ್ತೇನೆ. ಅಂಗೈಯಲ್ಲಿ ಸರಿಯಾಗಿ ಕೂರುತ್ತದೆ, ಡಬ್ಬಿಯ ಭಾರ ಇಲ್ಲ, ಕೆಲಸ ಮುಗಿದರೆ ಒಲೆಯ ಹತ್ತಿರ ಬಿಸಾಡದೆ ಹೊರಗೆ ಎಸೆದರಾಯಿತು. ಗೋಡೆಗೆ ಬೆರೆಸುವಷ್ಟು ನೀರು ಬೆರೆಸಬೇಡಿ. ತೆಳ್ಳಗಾದರೆ ಅಂಚಿನಲ್ಲಿ ಇಳಿಯುತ್ತದೆ. ಮೊಸರಿಗಿಂತ ತೆಳು, ಮಜ್ಜಿಗೆಗಿಂತ ಗಟ್ಟಿ, ಅಷ್ಟಿರಲಿ.

ಕೂದಲಿನ ಮೂರನೇ ಒಂದು ಪಾಲು ಮಾತ್ರ ಅದ್ದಿ. ಕರಟದ ಅಂಚಿಗೆ ಎರಡು ಕಡೆ ಮೆಲ್ಲಗೆ ಬಡಿಯಿರಿ. ಒರೆಸಬೇಡಿ, ಒರೆಸಿದರೆ ಇರುವ ಬಣ್ಣವೂ ಹೋಗುತ್ತದೆ. ನೇರ ಅಂಚಿಗೇ ಬ್ರಶ್ ಇಡುವುದು ಎಲ್ಲರೂ ಮಾಡುವ ತಪ್ಪು. ಆಗ ಬಣ್ಣದ ಗುಡ್ಡೆ ಅಲ್ಲೇ ಕೂರುತ್ತದೆ. ಅಂಚಿನಿಂದ ಅರ್ಧ ಇಂಚು ಗೋಡೆಯ ಕಡೆ ಬ್ರಶ್ ಊರಿ, ಸ್ವಲ್ಪ ಒತ್ತಿ. ಕೂದಲು ಬೀಸಣಿಗೆಯ ಹಾಗೆ ಅಗಲವಾಗುತ್ತದೆ, ಅದರ ಮುಂದೆ ಬಣ್ಣದ ಒಂದು ಸಣ್ಣ ಹನಿಯ ಸಾಲು ಕಾಣುತ್ತದೆ. ಆ ಸಾಲನ್ನು ಅಂಚಿನ ಕಡೆಗೆ ತಳ್ಳಿಕೊಂಡು ಹೋಗಿ ಉದ್ದಕ್ಕೆ ಎಳೆಯುವುದು. ಮಣಿಕಟ್ಟು ಅಲುಗಬಾರದು, ಭುಜದಿಂದ ಎಳೆಯಬೇಕು. ಕಣ್ಣು ಬ್ರಶ್ಶಿನ ಮೇಲಲ್ಲ, ಹೋಗಬೇಕಾದ ಜಾಗದ ಮೇಲೆ. ಸೈಕಲ್ ಓಡಿಸುವಾಗ ಮುಂದಿನ ಗಾಲಿ ನೋಡಿದರೆ ಬೀಳುತ್ತೇವಲ್ಲ, ಹಾಗೆ.

ಒಂದು ಸಲಕ್ಕೆ ಒಂದಡಿ ಸಾಕು. ಎಡಗೈ ತೋರುಬೆರಳಿಗೆ ಹಳೆ ಪಂಚೆಯ ಒದ್ದೆ ತುಂಡು ಸುತ್ತಿಕೊಂಡಿರಿ. ಮರಕ್ಕೆ ಹತ್ತಿದ್ದನ್ನು ಆಗಲೇ ಸವರಿ ತೆಗೆಯಿರಿ. ಅರ್ಧ ಒಣಗಿದ ಗೆರೆಯ ಮೇಲೆ ಮತ್ತೆ ಬ್ರಶ್ ಆಡಿಸಬೇಡಿ, ಬಣ್ಣ ಉಂಡೆ ಕಟ್ಟುತ್ತದೆ. ಮೊದಲ ಬಾಗಿಲು ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಕೊಟ್ಟಿಗೆ ಬಾಗಿಲಿನಿಂದ ಶುರು ಮಾಡಿ, ಜಗಲಿ ಬಾಗಿಲನ್ನು ಕೊನೆಗೆ ಇಟ್ಟುಕೊಳ್ಳಿ.

ಸಾಗರ, ಸೊರಬ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವುದು ನೋಡಿದ್ದೀರಾ? ಪುಂಡಿ ನಾರಿನ ಕುಂಚ, ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ. ಆ ಗೆರೆಗಳನ್ನು ನೋಡಿದ ಮೇಲೆ, ಒಂದು ದಾರಂದದ ಪಕ್ಕ ಗೆರೆ ಎಳೆಯಲು ನನ್ನ ಕೈ ನಡುಗುತ್ತದೆ ಅಂತ ಹೇಳಲು ನನಗೇ ನಾಚಿಕೆಯಾಗುತ್ತದೆ.

ಅಡ್ಡ ಹಿಡಿಯುವುದು

ಪುಟ್ಟಿ ಬ್ಲೇಡ್, ಸನ್‌ಮೈಕಾ ತುಂಡು, ಹಳೆ ಎಕ್ಸ್‌ರೇ ಫಿಲ್ಮ್, ಯಾವುದಾದರೂ ನಡೆಯುತ್ತದೆ. ಎಕ್ಸ್‌ರೇ ಫಿಲ್ಮ್ ಬಾಗುತ್ತದೆ, ಅದೇ ವಾಸಿ. ಒಂದು ಸಲ ಎಳೆದ ಮೇಲೆ ಅದರ ಅಂಚನ್ನು ಒರೆಸಲೇಬೇಕು. ಮರೆತರೆ ಹಿಂದೆ ಹತ್ತಿದ ಬಣ್ಣ ಮುಂದಿನ ಜಾಗಕ್ಕೆ ಮುದ್ರೆ ಒತ್ತುತ್ತದೆ. ಮರೆಯುತ್ತೀರಿ, ನಾನೂ ಮರೆಯುತ್ತೇನೆ. ನೆಲದ ಹತ್ತಿರ ಬಗ್ಗಿ ಮಾಡುವ ಕೆಲಸಕ್ಕೆ, ಸ್ವಿಚ್ ಬೋರ್ಡಿನ ಸುತ್ತ, ಇದು ಸಾಕು. ಬಾಗಿಲಿಗೆ ಬೇಡ.

ಬಳಿದು ಕೆರೆಯುವುದು

ಟೈಲ್ಸ್ ಅಥವಾ ಗ್ರಾನೈಟ್ ಸ್ಕರ್ಟಿಂಗ್ ಇದ್ದರೆ ಟೇಪಿಗೆ ಯಾಕೆ ದುಡ್ಡು ಹಾಕುತ್ತೀರಿ? ಗೋಡೆಗೆ ಧಾರಾಳವಾಗಿ ಬಳಿಯಿರಿ, ಕೆಳಗೆ ಹತ್ತಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿದ್ದರೆ ಶೇವಿಂಗ್ ಬ್ಲೇಡನ್ನು ಮಲಗಿಸಿ ಕೆರೆಯಿರಿ. ತಂಗಿಯ ಮನೆಯ ಸ್ಕರ್ಟಿಂಗ್ ಪೂರ್ತಿ ಹೀಗೆಯೇ ಒಂದು ಬೆಳಗ್ಗೆಯಲ್ಲಿ ಮುಗಿಸಿದೆ.

ರೆಡ್ ಆಕ್ಸೈಡ್ ಅಂಚಿಗೆ ಬ್ಲೇಡ್ ಬೇಡ. ವರ್ಷಗಟ್ಟಲೆ ಒರೆಸಿ ಒರೆಸಿ ಬಂದ ಹೊಳಪಿಗೆ ಗೀರು ಬಿದ್ದರೆ ತಿರುಗಿ ಬರುವುದಿಲ್ಲ. ಅಲ್ಲಿ ಒದ್ದೆ ಬಟ್ಟೆ ಮಾತ್ರ, ಅದೂ ಕೂಡಲೇ.

ಹಳೆ ಮನೆಯ ಕಿಟಕಿ ಎನಾಮಲ್ಲನ್ನು ಕೆರೆಯುವಾಗ ಹುಷಾರು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು ಅಂತಲೇ ತಿಳಿದುಕೊಳ್ಳಿ. ಒಣ ಸ್ಯಾಂಡ್ ಪೇಪರ್ ಹಾಕಿ ಧೂಳೆಬ್ಬಿಸಬೇಡಿ. ನೀರು ಮುಟ್ಟಿಸಿ ಉಜ್ಜುವ ಕಾಗದ ಸಿಗುತ್ತದೆ, ಅದನ್ನು ಬಳಸಿ. ಮೂಗಿಗೆ ಮಾಸ್ಕ್ ಇರಲಿ, ಮಕ್ಕಳನ್ನು ಅಜ್ಜಿಯ ಹತ್ತಿರ ಕಳಿಸಿ.

ಸಂದಿ ತುಂಬಿಸುವುದು

ನಮ್ಮ ಕಡೆ ಅಂಚು ಹಾಳಾಗುವುದಕ್ಕೆ ಅರ್ಧ ಕಾರಣ ಬಣ್ಣವಲ್ಲ, ಮರ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಬಾಗಿಲು ಹೊಸ್ತಿಲಿಗೆ ಒರೆಸುತ್ತದೆ. ಮಾರ್ಚ್ ಬಂತೆಂದರೆ ಒಣಗಿ ಕುಗ್ಗುತ್ತದೆ. ಗಾರೆ ಮಾತ್ರ ಇದ್ದಲ್ಲೇ ಇರುತ್ತದೆ. ಇಬ್ಬರ ನಡುವೆ ದಾರದೆಳೆಯಷ್ಟು ಬಿರುಕು ಬೀಳುತ್ತದೆ. ಅದರ ಮೇಲೆ ಎಷ್ಟು ಚಂದ ಗೆರೆ ಎಳೆದರೂ ಬಿರುಕಿನ ನೆರಳು ಗೆರೆಯನ್ನು ಸೊಟ್ಟ ಮಾಡಿ ತೋರಿಸುತ್ತದೆ.

ಇದಕ್ಕೆ ಸಿಮೆಂಟಿನ ಪುಟ್ಟಿ ಹಾಕಿದರೆ ಒಂದೇ ಮಳೆಗಾಲ. ಗಟ್ಟಿ ವಸ್ತು, ಮರ ಅಲುಗಿದಾಗ ಪುಡಿಯಾಗಿ ಉದುರುತ್ತದೆ. ಸಿಲಿಕಾನ್ ಬಾಗುತ್ತದೆ ನಿಜ, ಆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಮೀನಿನ ಮೈ ಮೇಲಿನ ನೀರಿನ ಹಾಗೆ ಜಾರುತ್ತದೆ. ಬೇಕಾದದ್ದು ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲಂಟ್. ಟ್ಯೂಬಿನಲ್ಲಿ, ಗನ್ನಿಗೆ ಹಾಕುವ ಡಬ್ಬಿಯಲ್ಲಿ, ಎರಡರಲ್ಲೂ ಸಿಗುತ್ತದೆ. ಅಂಗಡಿಯಲ್ಲಿ ಬರೀ ಸೀಲಂಟ್ ಅಂದರೆ ಸಿಲಿಕಾನ್ ಕೊಟ್ಟುಬಿಡುತ್ತಾರೆ. ಇದರ ಮೇಲೆ ಪೇಂಟ್ ಹೊಡೆಯಬಹುದಾ ಅಂತ ಕೇಳಿ ತನ್ನಿ. ಮೂತಿಯನ್ನು ತೀರಾ ಸಣ್ಣಗೆ ಓರೆ ಕತ್ತರಿಸಿ, ಎಳ್ಳು ಕಾಳಿನಷ್ಟು ದಪ್ಪದ ಎಳೆ ಬಿಡಿ, ಒದ್ದೆ ಬೆರಳಿನಲ್ಲಿ ಒಂದೇ ಸಲ ಸವರಿ. ಮರದ ಕಡೆ ಹತ್ತಿದ್ದನ್ನು ಆಗಲೇ ಒರೆಸಿ. ಒಣಗಿದ ಮೇಲೆ ಬಣ್ಣ.

ತುಂಬಿಸುವ ಮೊದಲು ಟಾರ್ಚ್ ಹಿಡಿದು ಸಂದಿಯೊಳಗೆ ನೋಡಿ. ಮಣ್ಣಿನ ಸಣ್ಣ ಗೆರೆ ಕಂಡರೆ ಅದು ಒರಲೆ, ಅಂದರೆ ಗೆದ್ದಲು. ಅದರ ಬಾಯಿ ಮುಚ್ಚಿದರೆ ಅದು ಒಳಗೇ ಕೂತು ಊಟ ಮಾಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ಕಾಟ, ಅಂಚಿನಲ್ಲಿ ಎಷ್ಟು ಬಳಿದರೂ ತಿರುಗಿ ಬರುವ ಕಂದು ಕಲೆ. ಆಚಾರಿಗಳು ದಾರಂದ ಕೂರಿಸುವ ಮೊದಲು ಗೋಡೆಗೆ ತಾಗುವ ಮೈಗೆ ಡಾಂಬರು ಬಳಿಯುವುದುಂಟು. ಆ ಡಾಂಬರು ಎಮಲ್ಶನ್ ಮೂಲಕ ಹೊರಗೆ ಬರುತ್ತದೆ. ಸಾಗುವಾನಿಯ ಕಂದು ರಸವೂ ಹಾಗೆಯೇ. ಮೂರು ಕೋಟ್ ಹೊಡೆದು ಸೋತ ಮೇಲೆ ನನಗೆ ಹೊಳೆದದ್ದು ಅರಗಿನ ಪಾಲಿಶ್. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಕಲೆಯ ಮೇಲೆ ತೆಳ್ಳಗೆ ಎರಡು ಸಲ ಸವರಿ, ಒಣಗಿದ ಮೇಲೆ ಗೋಡೆಯ ಬಣ್ಣ ಹೊಡೆದೆ. ಕಲೆ ಅಲ್ಲೇ ನಿಂತಿತು.

ಯಾವಾಗ?

ಡಿಸೆಂಬರಿನಿಂದ ಮಾರ್ಚ್. ಆಗ ಎಮಲ್ಶನ್ ನಾಲ್ಕು ಗಂಟೆಯಲ್ಲಿ ಇನ್ನೊಂದು ಕೋಟಿಗೆ ತಯಾರು, ಎನಾಮಲ್ ಒಂದು ರಾತ್ರಿಗೆ. ಸಂದಿಯೂ ಆಗ ತೆರೆದಿರುತ್ತದೆ, ಸೀಲಂಟ್ ಒಳಗಿಳಿಯುತ್ತದೆ. ಜುಲೈಯಲ್ಲಿ ತುಂಬಿಸಿದರೆ ಸಂದಿ ಮುಚ್ಚಿಕೊಂಡಿರುತ್ತದೆ, ಬೇಸಿಗೆಯಲ್ಲಿ ಅದು ಅಗಲವಾದಾಗ ಸೀಲಂಟ್ ಹರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಾದರೆ ಮಳೆ ಕಮ್ಮಿ, ಬಿಸಿಲು ನೋಡಿಕೊಂಡು ಅಕ್ಟೋಬರಿನಲ್ಲೂ ಶುರು ಮಾಡಬಹುದು. ಹೊಸನಗರ, ತೀರ್ಥಹಳ್ಳಿ ಕಡೆ ಬೇಡ. ಅಂಚಿನಲ್ಲಿ ಬೂಸ್ಟು ಹಿಡಿದಿದ್ದರೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಒಣಗಿಸಿಯೇ ಬಣ್ಣ. ಹಾಗೇ ಮುಚ್ಚಿದರೆ ಮುಂದಿನ ಆಷಾಢಕ್ಕೆ ಅದೇ ಜಾಗದಲ್ಲಿ ತಿರುಗಿ ಬರುತ್ತದೆ.

ನೆಲದಿಂದ ತೇವ ಏರುವ ಗೋಡೆಯ ಬುಡಕ್ಕೆ ಈ ಐದರಲ್ಲಿ ಯಾವುದೂ ಆಗುವುದಿಲ್ಲ. ಅದು ಅಂಚಿನ ಕೆಲಸವಲ್ಲ, ಮೇಸ್ತ್ರಿಯ ಕೆಲಸ.

ಬಣ್ಣ ಹೊಂದದಿದ್ದರೆ

ಗೆರೆ ಸರಿಯಾಗಿ ಬಂದರೂ ಅದೇ ಎದ್ದು ಕಾಣುವುದುಂಟು. ಗೋಡೆ ಎರಡು ವರ್ಷದಲ್ಲಿ ಮಾಸಿರುತ್ತದೆ, ಡಬ್ಬಿಯ ಬಣ್ಣ ಹೊಸದು. ಹೊಳಪಿಲ್ಲದ ಮ್ಯಾಟ್ ಬಣ್ಣದಲ್ಲಿ ಇದು ಕಮ್ಮಿ, ಹೊಳಪಿನ ಬಣ್ಣದಲ್ಲಿ ಜಾಸ್ತಿ. ಅಂಥ ಕಡೆ ಅಂಚನ್ನು ಮಾತ್ರ ತಿದ್ದದೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಆ ಗೋಡೆಯನ್ನೇ ಹೊಡೆದುಬಿಡುವುದು ಕಮ್ಮಿ ತಲೆನೋವು. ಬಿಳಿ ಎನಾಮಲ್ ಇನ್ನೂ ಕಿರಿಕಿರಿ. ಬೆಳಕು ಬೀಳದ ಕಡೆ ಅದು ಹಳದಿ ತಿರುಗುತ್ತದೆ. ನಮ್ಮ ದೇವರ ಕೋಣೆಯ ದಾರಂದಕ್ಕೆ ಒಂದಂಗುಲ ಹೊಸ ಬಿಳಿ ಹಚ್ಚಿದ್ದೆ, ವಿಭೂತಿ ಇಟ್ಟ ಹಾಗೆ ಕಂಡಿತು. ಕೊನೆಗೆ ಇಡೀ ದಾರಂದಕ್ಕೇ ಹೊಡೆದೆ. ನೀರಿನ ಎನಾಮಲ್ ಈಗ ಸಿಗುತ್ತದೆ, ಅದು ಅಷ್ಟು ಹಳದಿಯಾಗುವುದಿಲ್ಲ. ಕತ್ತಲೆ ಕೋಣೆಗೆ ಅದೇ ವಾಸಿ.

ಉಳಿದ ಬಣ್ಣವನ್ನು ದೊಡ್ಡ ಡಬ್ಬಿಯಲ್ಲೇ ಬಿಟ್ಟರೆ ಒಳಗಿನ ಗಾಳಿಗೆ ಕೆನೆಗಟ್ಟುತ್ತದೆ. ಸಣ್ಣ ಉಪ್ಪಿನಕಾಯಿ ಬಾಟಲಿಗೆ ಕತ್ತಿನವರೆಗೆ ತುಂಬಿ, ಮಷಿನ್ನಿನಲ್ಲಿ ಬೆರೆಸಿದ ಬಣ್ಣದ ಕೋಡ್, ಯಾವ ಕೋಣೆ, ಯಾವ ವರ್ಷ ಅಂತ ಚೀಟಿ ಅಂಟಿಸಿ. ಚೀಟಿ ಮುಚ್ಚಳಕ್ಕೆ ಬೇಡ, ಬಾಟಲಿಗೆ. ಮುಚ್ಚಳಗಳು ಅದಲು ಬದಲಾಗುತ್ತವೆ, ನಮ್ಮಲ್ಲಿ ಆಗಿದೆ.

ಮೊನ್ನೆ ಶಿವರಾತ್ರಿಯ ಹೊತ್ತಿಗೆ ನಮ್ಮ ಮನೆಯ ಬಾಗಿಲುಗಳೆಲ್ಲ ಮುಗಿದವು. ಎಲ್ಲಾ ಕೈಯಲ್ಲೇ, ಟೇಪ್ ಇಲ್ಲದೆ. ಅಟ್ಟದ ಮುಚ್ಚಿಗೆ ಗೋಡೆಗೆ ಸೇರುವ ಕಡೆ ಹಾಗೇ ಬಿಟ್ಟಿದ್ದೇನೆ, ಅಲ್ಲಿ ಯಾರು ಕತ್ತೆತ್ತಿ ನೋಡುತ್ತಾರೆ? ಹಿಂದಿನ ಕೋಣೆಯ ಕಿಟಕಿ ಮಾತ್ರ ಬಾಕಿ. ಅದರ ಸಂದಿಗೆ ಟಾರ್ಚ್ ಬಿಟ್ಟರೆ ಮಣ್ಣಿನ ಗೆರೆ ಕಂಡಿತು. ಈಗ ಆಚಾರಿಗೆ ಕಾಯುತ್ತಿದ್ದೇನೆ. ಅವರೂ "ಬರ್ತೀನಿ ಮಾರಾಯ್ರೆ" ಅಂದಿದ್ದಾರೆ.